ಮಳೆ ಪುಸ್ತಕ, ಎಂಬಿ ಪುಸ್ತಕ: ಕೊಡಗಿನ ಒಂದು ರಸ್ತೆಯ ಲೆಕ್ಕ ಕೇಳಿದ ಪ್ರಕರಣ

ಕೊಡಗಿನ ಒಂದು ಪಟ್ಟಣ. ಅದರ ಒಂದು ವಾರ್ಡಿನಲ್ಲಿ ಒಂದು ರಸ್ತೆ. ಮುಖ್ಯ ರಸ್ತೆಯಿಂದ ಇಳಿದು, ಶಾಲೆಯ ಗೇಟಿನ ಮುಂದೆ ಹಾದು, ತೋಡು, ಅಂದರೆ ಸಣ್ಣ ಹಳ್ಳ, ದಾಟಿ, ಆ ಕಡೆ ಏರು ಹತ್ತುವ ಸುಮಾರು ಆರುನೂರು ಮೀಟರ್ ದಾರಿ. 2019ರಿಂದ 2022ರ ಒಳಗೆ ಈ ರಸ್ತೆಗೆ ಮೂರು ಸಲ ಹಣ ಬಂತು. ಮೂರು ಸಲವೂ ಕೆಲಸ ಆಯ್ತು, ಬಿಲ್ಲೂ ಪಾಸಾಯ್ತು. ಮೂರನೆಯ ಡಾಂಬರು ಬಿದ್ದ ಮರುವರ್ಷದ ಮಳೆಗಾಲದಲ್ಲೂ ನಾವು ಶಾಲೆ ಮಕ್ಕಳನ್ನು ಕೈಹಿಡಿದೇ ನೀರು ದಾಟಿಸಿದೆವು.

ಆ ರಸ್ತೆಯ ಲೆಕ್ಕವನ್ನು ನಾವು ಹನ್ನೊಂದು ಮನೆಯವರು ಹೇಗೆ ಕೇಳಿದೆವು, ಎಲ್ಲಿ ತಪ್ಪಿದೆವು, ಏನು ಸಿಕ್ಕಿತು, ಏನು ಇನ್ನೂ ಸಿಕ್ಕಿಲ್ಲ, ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಊರು, ಕಚೇರಿ, ಗುತ್ತಿಗೆದಾರ, ಯಾರ ಹೆಸರೂ ಇದರಲ್ಲಿ ಇರುವುದಿಲ್ಲ. ಹಣದ ಮೊತ್ತವನ್ನೂ ಬರೆಯುವುದಿಲ್ಲ, ಬರೆದರೆ ಯಾವ ಊರು ಅಂತ ಗೊತ್ತಾಗಿಬಿಡುತ್ತದೆ. ನೂರಕ್ಕೆ ಎಷ್ಟು ಯಾವುದಕ್ಕೆ ಹೋಯಿತು ಅನ್ನುವುದನ್ನು ಹೇಳುತ್ತೇನೆ, ಅಷ್ಟು ಸಾಕು. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವಳು. ಮೂಟೆ ಎಷ್ಟು ಬಂತು, ಎಷ್ಟು ಹೋಯಿತು, ನಡುವೆ ತೂಕ ಎಷ್ಟು ಇಳಿಯಿತು ಅಂತ ನೋಡುವುದು ರೂಢಿ. ರಸ್ತೆಯ ಲೆಕ್ಕವನ್ನೂ ಹಾಗೇ ನೋಡಿದೆ.

ಹಿಂದಿನದು

2018ರ ಆಗಸ್ಟ್ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಆ ಮಳೆಗೆ ಗುಡ್ಡ ಕುಸಿದ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ ಅಂತ ಹೆಸರು ಹೇಳಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಮಡಿಕೇರಿ–ಸಂಪಾಜೆ ನಡುವೆ ರಾಷ್ಟ್ರೀಯ ಹೆದ್ದಾರಿ 275 ವಾರಗಟ್ಟಲೆ ಬಂದ್ ಆಗಿತ್ತು. ನಮ್ಮ ವಾರ್ಡಿನಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ. ಒಂದು ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಮಣ್ಣು ರಸ್ತೆಗೆ ಬಂತು, ಇನ್ನೊಂದು ಕಡೆ ರಸ್ತೆಯ ಅಂಚು ಒಂದು ಜೀಪಿನ ಅಗಲಕ್ಕೆ ತೋಡಿನ ಪಾಲಾಯಿತು. ಜೀವಹಾನಿ ಆಗಲಿಲ್ಲ.

2019ರಲ್ಲಿ ಮಳೆಹಾನಿ ಹಣದಲ್ಲಿ ಅಂಚಿಗೆ ಮಣ್ಣು ತುಂಬಿ, ತುಂಡು ತಡೆಗೋಡೆ ಕಟ್ಟಿ, ಮೇಲೆ ಡಾಂಬರು ಹಾಕಿದರು. ಅದು ಮೊದಲನೆಯದು. ಆಮೇಲೆ 2020ರಲ್ಲಿ ನಾವೇ, ಅಂದರೆ ವಾರ್ಡಿನ ಅರುವತ್ತಕ್ಕೂ ಜಾಸ್ತಿ ಜನ, ರಸ್ತೆ ಪೂರ್ತಿ ಡಾಂಬರು ಮಾಡಿಕೊಡಿ ಅಂತ ಸಹಿ ಹಾಕಿ ಮನವಿ ಕೊಟ್ಟೆವು. ಆ ಹಾಳೆಯಲ್ಲಿ ನನ್ನ ಸಹಿ ನಾಲ್ಕನೆಯದು. ಮನವಿಯಲ್ಲಿ ಚರಂಡಿ ಅನ್ನುವ ಪದವೇ ಇಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ, ಯಾಕಂದರೆ ಮುಂದೆ ಕಚೇರಿಯವರು ಆ ಹಾಳೆಯನ್ನೇ ನಮ್ಮ ಮುಂದೆ ಇಟ್ಟರು.

ನಾವು ಕೇಳಿದ್ದನ್ನು 2021ರ ಮಾರ್ಚಿನಲ್ಲಿ ಮಾಡಿಕೊಟ್ಟರು. 2022ರ ಮಳೆಗೆ ಅದು ಎದ್ದುಹೋಯಿತು. ಆ ವರ್ಷ ನವೆಂಬರಿನಲ್ಲಿ ಮತ್ತೆ ಮಳೆಹಾನಿ ಅಂತ ತೋರಿಸಿ ಅದೇ ಜಾಗಕ್ಕೆ ಮೂರನೆಯ ಸಲ ಡಾಂಬರು ಬಿತ್ತು.

ಮೆಟ್ಟಿಲು

ಶಾಲೆಯ ಗೇಟಿಗೆ ಮೊದಲು ಎರಡು ಮೆಟ್ಟಿಲು ಇತ್ತು. ನಾನೇ ಓದಿದ ಶಾಲೆ ಅದು. ಮಳೆಗಾಲದಲ್ಲಿ ಕೆಳಗಿನ ಮೆಟ್ಟಿಲ ಮೇಲೆ ನಿಂತು ಕಾಲಿನ ಕೆಸರು ಉಜ್ಜಿ ಒಳಗೆ ಹೋಗುತ್ತಿದ್ದೆವು. 2022ರ ಡಿಸೆಂಬರಿನಲ್ಲಿ, ಪುತ್ತರಿ ಸುಗ್ಗಿ ಹಬ್ಬ ಮುಗಿದ ವಾರ, ಪಕ್ಕದ ಮನೆಯ ಮೊಮ್ಮಗುವನ್ನು ಕರೆದುಕೊಂಡು ಬರಲು ಹೋದಾಗ ನೋಡುತ್ತೇನೆ, ಮೆಟ್ಟಿಲು ಒಂದೇ ಇದೆ. ಇನ್ನೊಂದು ಎಲ್ಲಿ ಹೋಯಿತು? ಡಾಂಬರಿನ ಕೆಳಗಿತ್ತು. ಮೂರು ಸಲ ಹಾಕಿದ ಡಾಂಬರು ಒಂದರ ಮೇಲೊಂದು ಕೂತು ರಸ್ತೆ ಒಂದು ಮೆಟ್ಟಿಲಿನಷ್ಟು ಎತ್ತರವಾಗಿತ್ತು. ಹಳೆಯದನ್ನು ಯಾರೂ ಕೆರೆದು ತೆಗೆದಿರಲಿಲ್ಲ.

ರಸ್ತೆ ಎತ್ತರ ಆದರೆ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಗೇಟು ತಗ್ಗಿನಲ್ಲಿದ್ದರೆ ಅಂಗಳಕ್ಕೆ. ಅಲ್ಲಿಂದ ಹಿಂದಿನ ಬರೆಗೆ. ಬರೆಯೊಳಗೆ ನೀರು ಇಳಿದರೆ ಏನಾಗುತ್ತದೆ ಅಂತ ನಾವು 2018ರಲ್ಲಿ ಕಣ್ಣಾರೆ ನೋಡಿದ್ದೇವೆ, ಅಲ್ವಾ. ಆ ಸಂಜೆ ನನಗೆ ನಿದ್ದೆ ಬರಲಿಲ್ಲ.

ಮರುವಾರ ಭಾನುವಾರ ನಮ್ಮ ಲೇನಿನ ಮೇಸ್ತ್ರಿ ಅಣ್ಣ ಟ್ಯೂಬ್ ಲೆವೆಲ್ ತಂದರು. ಗೋಡೆ ಕಟ್ಟುವವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಅಷ್ಟೇ. ಎರಡು ತುದಿಯನ್ನು ರಸ್ತೆಯ ಎರಡು ಬದಿಯಲ್ಲಿ ಹಿಡಿದರೆ ನೀರಿನ ಮಟ್ಟ ಸುಳ್ಳು ಹೇಳುವುದಿಲ್ಲ. ಮಳೆ ಜಾಸ್ತಿ ಬೀಳುವ ಕಡೆ ಡಾಂಬರು ರಸ್ತೆಗೆ ನಡುವಿನಿಂದ ಬದಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರು ಇರಬೇಕು. ಮೂರು ಮೀಟರಿಗೆ ಏಳೂವರೆ ಸೆಂಟಿಮೀಟರ್. ನಾವು ಅಳೆದ ಒಂಬತ್ತು ಕಡೆಯಲ್ಲಿ ಆರು ಕಡೆ ಇಳಿಜಾರು ಚರಂಡಿಯ ಕಡೆಗೆ ಇರಲೇ ಇಲ್ಲ, ಮನೆಗಳ ಕಡೆಗೆ ಇತ್ತು. ಮೇಸ್ತ್ರಿ ಅಣ್ಣ ಪೈಪು ಸುತ್ತಿಕೊಳ್ಳುತ್ತಾ ಹೇಳಿದರು, “ಅಕ್ಕ, ಇದು ರಸ್ತೆ ಅಲ್ಲ, ನೀರಿಗೆ ಹಾಸಿದ ಜಾರುಬಂಡೆ.” ಒಂಬತ್ತು ಅಳತೆಯನ್ನೂ ಪುಸ್ತಕದಲ್ಲಿ ಬರೆದೆವು, ದಿನಾಂಕ ಹಾಕಿದೆವು, ಇದ್ದವರೆಲ್ಲ ಸಹಿ ಹಾಕಿದೆವು. ಗುಂಪು ಶುರುವಾದದ್ದು ಹಾಗೆ. ಹೆಸರು ಇಟ್ಟುಕೊಳ್ಳಲಿಲ್ಲ, ನೋಂದಣಿಯನ್ನೂ ಮಾಡಿಸಲಿಲ್ಲ.

ಹತ್ತು ರೂಪಾಯಿ, ನೂರೈವತ್ತು ಪದ

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದದ್ದು. ಹೆಸರು ಎಲ್ಲರಿಗೂ ಗೊತ್ತು. ಅರ್ಜಿ ಹಾಕಿದವರು ಮಾತ್ರ ಕಡಿಮೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಮಾಹಿತಿ ಆಯೋಗ.

ನಮ್ಮ ಮೊದಲ ಅರ್ಜಿ ದಂಡವಾಯಿತು. “ನಮ್ಮ ರಸ್ತೆಗೆ ಖರ್ಚು ಮಾಡಿದ ಹಣದ ಪೂರ್ಣ ವಿವರ ಕೊಡಿ” ಅಂತ ಬರೆದಿದ್ದೆವು. ಎರಡು ಸಾಲಿನ ಉತ್ತರ ಬಂತು, ಮೂರು ವರ್ಷದ ಮೂರು ಮೊತ್ತ, ಮುಗಿಯಿತು. ತಪ್ಪು ನಮ್ಮದೇ. ಏನು ಬೇಕು ಅಂತ ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಎರಡನೆಯ ಸಲ ಮೂರು ಕಾಮಗಾರಿಗೆ ಮೂರು ಅರ್ಜಿ ಹಾಕಿದೆವು. ಒಂದೊಂದರಲ್ಲೂ ಕೇಳಿದ್ದು ಇಷ್ಟು: ಅಂದಾಜು ಪಟ್ಟಿ, ಪರಿಷ್ಕೃತ ಅಂದಾಜು ಪಟ್ಟಿ ಇದ್ದರೆ ಅದು, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುತ್ತಿಗೆ ಕರಾರಿನಲ್ಲಿ ನಿರ್ವಹಣೆಯ ಹೊಣೆ ಎಷ್ಟು ವರ್ಷ ಅನ್ನುವ ಪುಟ. ಅಳತೆ ಪುಸ್ತಕಕ್ಕೆ ಕಚೇರಿಯಲ್ಲಿ ಎಂಬಿ ಅಂತಾರೆ. ಇಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುವ ಪುಸ್ತಕ ಅದು, ಅದರಲ್ಲಿ ಬರೆದಷ್ಟಕ್ಕೇ ಬಿಲ್ಲು. ರಸ್ತೆಯ ಲೆಕ್ಕ ಕೇಳುವವರು ಒಂದೇ ಒಂದು ಕಾಗದ ಕೇಳಬೇಕು ಅಂದರೆ ನಾನು ಎಂಬಿ ಪುಟ ಅಂತಲೇ ಹೇಳುತ್ತೇನೆ.

ಇನ್ನೊಂದು ಮಾತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯ 2(ಜೆ) ಪ್ರಕಾರ ಕಾಗದವನ್ನು ಮಾತ್ರ ಅಲ್ಲ, ಕೆಲಸವನ್ನೇ ಪರಿಶೀಲಿಸಬಹುದು, ಸಾಮಗ್ರಿಯ ಮಾದರಿಯನ್ನೂ ಕೇಳಿ ಪಡೆಯಬಹುದು. ನಾವು ಕಡತ ನೋಡಲು ಸಮಯ ಕೇಳಿದೆವು. ಒಂದು ಬುಧವಾರ ಕಚೇರಿಯಲ್ಲಿ ಬೆಂಚು ಹಾಕಿ ಕೂರಿಸಿದರು. ಗುಮಾಸ್ತೆ ಹುಡುಗಿ ಮೂರು ಕಡತ ತಂದಿಟ್ಟು ಚಹಾ ಕೂಡ ಕೊಟ್ಟಳು. ಯಾರೂ ಜಗಳ ಆಡಲಿಲ್ಲ.

ಮೂರೂ ಕಡತದಲ್ಲಿ ಒಂದೇ ಸಾಲು ಇತ್ತು. ಬೇರೆ ಬೇರೆ ಕೈಬರಹ, ಬೇರೆ ಬೇರೆ ಇಂಜಿನಿಯರ್ ಸಹಿ, ಆದರೆ ಮಾತು ಅದೇ: ಚರಂಡಿ ಭಾಗವನ್ನು ಮುಂದಿನ ಹಂತದಲ್ಲಿ ಕೈಗೊಳ್ಳಲಾಗುವುದು. 2019ರಲ್ಲಿ ಮುಂದಿನ ಹಂತ. 2021ರಲ್ಲಿ ಮುಂದಿನ ಹಂತ. 2022ರಲ್ಲೂ ಮುಂದಿನ ಹಂತ. ಆ ಮುಂದಿನ ಹಂತ ಯಾವ ವರ್ಷದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೂರೂ ಕಾಮಗಾರಿ ಕೂಡಿಸಿ ನೋಡಿದರೆ ನೂರು ರೂಪಾಯಿಯಲ್ಲಿ 71 ರೂಪಾಯಿ ಡಾಂಬರಿಗೆ, 20 ರೂಪಾಯಿ ಅಂಚು ತುಂಬಲು ಮತ್ತು ಗೋಡೆಗೆ, 9 ರೂಪಾಯಿ ನೀರಿನ ದಾರಿಗೆ. ಮಳೆಯನ್ನು ಇಂಚಿನಲ್ಲಿ ಅಳೆದು, ಬೆಳಿಗ್ಗೆ ಸಿಕ್ಕವರನ್ನು “ನಿಮ್ಮಲ್ಲಿ ಎಷ್ಟು ಇಂಚು?” ಅಂತ ಮಾತಾಡಿಸುವ ಜಿಲ್ಲೆಯಲ್ಲಿ, ರಸ್ತೆಯ ಹಣದಲ್ಲಿ ನೀರಿಗೆ ಸಿಕ್ಕಿದ್ದು ಒಂಬತ್ತು ರೂಪಾಯಿ.

ಕದ್ದ ಹಣ ಸಿಗುತ್ತದೆ ಅಂತ ಹೋದವರು ನಮ್ಮಲ್ಲಿ ಕೆಲವರಿದ್ದರು. ಅವರಿಗೆ ನಿರಾಸೆ ಆಯ್ತು. ಎಂಬಿಯಲ್ಲಿ ಬರೆದ ಉದ್ದ ಅಗಲ ನಾವು ಟೇಪು ಹಿಡಿದು ಅಳೆದದ್ದಕ್ಕೆ ಬಹುತೇಕ ಸರಿಹೊಂದಿತು. ಕಡತದಲ್ಲಿ ನನಗೆ ಕಂಡದ್ದು ಕಳ್ಳತನಕ್ಕಿಂತ ಕಷ್ಟದ ಕಾಯಿಲೆ. ಒಂದೊಂದು ವರ್ಷದ ಲೆಕ್ಕವೂ ಸರಿಯಾಗಿದೆ, ಎಲ್ಲ ವರ್ಷ ಸೇರಿದರೆ ತಪ್ಪಾಗಿದೆ. ಒಂದು ವರ್ಷದವರು ಮುಂದೂಡಿದ್ದನ್ನು ಮುಂದಿನ ವರ್ಷದವರು ಓದುವುದಿಲ್ಲ, ಅಷ್ಟರಲ್ಲಿ ಇಂಜಿನಿಯರಿಗೆ ವರ್ಗ ಆಗಿರುತ್ತದೆ, ಹಣದ ಲೆಕ್ಕಶೀರ್ಷಿಕೆ ಬೇರೆ ಆಗಿರುತ್ತದೆ, ಕಡತ ಬೇರೆ ಬೀರುವಿನಲ್ಲಿ ಇರುತ್ತದೆ.

ಇಂಜಿನಿಯರ್ ಹೇಳಿದ್ದು

ಆಗ ಇದ್ದ ಇಂಜಿನಿಯರ್ ನೇರ ಮಾತಿನವರು. “ಮೇಡಂ, ಅನುದಾನ ಕೈಗೆ ಬರೋದೇ ತಡ. ಮಾರ್ಚ್ 31ರ ಒಳಗೆ ಬಿಲ್ ಆಗದಿದ್ರೆ ಹಣ ವಾಪಸ್. ಡಾಂಬರು ನಾಲ್ಕು ದಿನದ ಕೆಲಸ. ಚರಂಡಿ ಮಾಡ್ಬೇಕಂದ್ರೆ ನಿಮ್ಮ ಹದಿನಾಲ್ಕು ಮನೆ ಸ್ಲ್ಯಾಬ್ ಒಡೀಬೇಕು. ಯಾರು ಬಿಡ್ತಾರೆ ಹೇಳಿ?” ಅಂದರು. ಹೇಳಿ ಸುಮ್ನೆ ನಮ್ಮ 2020ರ ಮನವಿಯನ್ನು ಮೇಜಿನ ಮೇಲೆ ಇಟ್ಟರು.

ನಮ್ಮ ಬಳಿ ಉತ್ತರ ಇರಲಿಲ್ಲ. ಹದಿನಾಲ್ಕು ಸ್ಲ್ಯಾಬಿನಲ್ಲಿ ನಮ್ಮ ಮನೆಯದೂ ಒಂದು. ಕಾರು ಒಳಗೆ ಬರಲೆಂದು ನನ್ನ ಯಜಮಾನರು ಚರಂಡಿಯ ಮೇಲೆ ಹಾಕಿಸಿದ್ದು. ಅದರ ಕೆಳಗೆ ಕೈ ಹಾಕಿ ಕಸ ತೆಗೆಯಲೂ ಜಾಗ ಇರಲಿಲ್ಲ. ಗುಂಪು ಒಡೆಯುವಷ್ಟು ಜಗಳ ಆದದ್ದು ಕಚೇರಿಯವರ ಜೊತೆ ಅಲ್ಲ, ನಮ್ಮ ನಮ್ಮಲ್ಲೇ, ಈ ಸ್ಲ್ಯಾಬಿನ ವಿಷಯಕ್ಕೆ. ಎರಡು ತಿಂಗಳು ಇಬ್ಬರು ಮಾತು ಬಿಟ್ಟರು. ಕೊನೆಗೆ ಮೊದಲು ನಮ್ಮದನ್ನು ಒಡೆಸಿದೆವು. ಆಮೇಲೆ ಕಬ್ಬಿಣದ ಜಾಲರಿ ಹಾಕಿಸಿದೆವು, ಎತ್ತಿದರೆ ಎದ್ದು ಬರುವ ಹಾಗೆ. ಅದನ್ನು ನೋಡಿ ಒಂಬತ್ತು ಮನೆಯವರು ಒಪ್ಪಿದರು. ಒಪ್ಪಿಗೆಯನ್ನು ಬರೆದು ಸಹಿ ಹಾಕಿಸಿ ಕಚೇರಿಗೆ ಕೊಟ್ಟೆವು. ನಾವು ಕೊಟ್ಟ ಎಲ್ಲ ಕಾಗದಗಳಲ್ಲಿ ಕೆಲಸ ಮಾಡಿದ್ದು ಇದೇ ಹಾಳೆ ಅಂತ ನನ್ನ ನಂಬಿಕೆ.

ಹಣದ ಕಡೆಯೂ ಇಂಜಿನಿಯರ್ ಹೇಳಿದ್ದರಲ್ಲಿ ನಿಜ ಇತ್ತು. ಸಣ್ಣ ಪಟ್ಟಣಗಳಿಗೆ ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರು, ನೈರ್ಮಲ್ಯ ಮುಂತಾದವಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲಿ ರಸ್ತೆ, ಬೀದಿದೀಪ, ಎಲ್ಲವೂ ಬರಬೇಕಿತ್ತು. ಆ ಮೇಲೆ ರಾಜ್ಯದ ನಗರೋತ್ಥಾನ ಯೋಜನೆ, ಮಳೆಹಾನಿ, ಶಾಸಕರ ನಿಧಿ ಅಂತ ಬಂದಾಗ ಬಂದಷ್ಟು. ಒಂದೊಂದಕ್ಕೂ ಬೇರೆ ನಿಯಮ. ಹಣ ಬಂದ ಮೇಲೆ ಎಲ್ಲಿ ಹಾಕೋಣ ಅಂತ ಯೋಚಿಸಿದರೆ ಕಣ್ಣಿಗೆ ಕಾಣುವ ಗುಂಡಿಗೇ ಹೋಗುತ್ತದೆ. ಹಣ ಬರುವ ಮೊದಲೇ ಪಟ್ಟಿ ಸಿದ್ಧ ಇರಬೇಕು, ಮತ್ತೆ ಆ ಪಟ್ಟಿ ಐದು ವರ್ಷವಾದರೂ ಬದಲಾಗದೆ ಉಳಿಯಬೇಕು.

ಕೂರಲು ಜಾಗ ಇಲ್ಲದ ಸಭೆ

ಆ ಪಟ್ಟಿಯನ್ನು ಯಾರ ಮುಂದೆ ಇಡುವುದು? ಇಲ್ಲಿ ನಮಗೆ ಕಾನೂನಿನ ಒಂದು ದೊಡ್ಡ ಖಾಲಿ ಜಾಗ ಕಂಡಿತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ 243ಎಸ್ ವಿಧಿಯಲ್ಲಿ ವಾರ್ಡು ಸಮಿತಿಗಳು ಕಡ್ಡಾಯ, ಆದರೆ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಾತ್ರ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಪಟ್ಟಣಗಳಲ್ಲಿ ಇರುವವರು ನೂರಕ್ಕೆ ಹದಿನೈದಕ್ಕೂ ಕಡಿಮೆ. ಜಿಲ್ಲಾಕೇಂದ್ರ ಮಡಿಕೇರಿಯಲ್ಲೇ 33,381 ಜನ. ಅಂದರೆ ಜಿಲ್ಲೆಯ ಎಲ್ಲ ಪಟ್ಟಣಗಳನ್ನು ಒಟ್ಟು ಸೇರಿಸಿದರೂ ವಾರ್ಡು ಸಮಿತಿ ಕಡ್ಡಾಯ ಆಗುವುದಿಲ್ಲ.

ನಮ್ಮಿಂದ ಮೂರು ಕಿಲೋಮೀಟರ್ ಆಚೆ ಗ್ರಾಮ ಪಂಚಾಯಿತಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಇದೆ. ಎದ್ದು ನಿಂತು ಮೋರಿ ಯಾಕೆ ಆಗಿಲ್ಲ ಅಂತ ಕೇಳಬಹುದು, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಪಟ್ಟಣದಲ್ಲಿ ಇರುವ ನನಗೆ ಆ ಹಕ್ಕಿಲ್ಲ. ತೆರಿಗೆ ಕಟ್ಟುವುದರಲ್ಲಿ ನಾನು ಅವಳಿಗಿಂತ ಹಿಂದಿಲ್ಲ. ಇದು ನನಗೆ ಈಗಲೂ ಸಂಕಟ.

ಬೇರೆ ಕಡೆ ಹೇಗೆ ಅಂತ ತಿಳಿದದ್ದು ಪುತ್ತರಿಗೆ ಬಂದಿದ್ದ ಪಕ್ಕದ ಮನೆಯ ಮಗಳಿಂದ. ಅವಳು ಅಮೆರಿಕದ ಸಿಯಾಟಲ್‌ನಲ್ಲಿ ಇದ್ದಾಳೆ. ಅಲ್ಲಿ 2015ರ ನವೆಂಬರಿನಲ್ಲಿ ಜನ ಮತ ಹಾಕಿ, ಒಂಬತ್ತು ವರ್ಷಕ್ಕೆ 93 ಕೋಟಿ ಡಾಲರ್ ಸಾರಿಗೆ ತೆರಿಗೆಗೆ ಒಪ್ಪಿಗೆ ಕೊಟ್ಟರು. ಅದರ ಜೊತೆಗೆ ಖರ್ಚನ್ನು ನೋಡಿಕೊಳ್ಳಲು ನಾಗರಿಕರ ಸಮಿತಿಯನ್ನೂ ಮಾಡಿದರು. ಕಾಲ್ನಡಿಗೆಯವರು, ಸೈಕಲ್ಲಿನವರು, ಬಸ್ಸಿನವರು, ಸರಕು ಸಾಗಣೆಯವರು, ಇವರ ಸಲಹಾ ಮಂಡಳಿಗಳಿಂದಲೂ ಅದರಲ್ಲಿ ಜನ ಕೂರುತ್ತಾರೆ. ಏಳು ಹೊಸ ವೇಗದ ಬಸ್ ಮಾರ್ಗ ಕೊಡುತ್ತೇವೆ ಅಂತ ಮಾತಿತ್ತು. 2018ರಲ್ಲಿ ಲೆಕ್ಕ ಪುನಃ ನೋಡಿದಾಗ ಈ ಹಣದಲ್ಲಿ ಹೇಳಿದ್ದೆಲ್ಲ ಆಗುವುದಿಲ್ಲ ಅಂತ ನಗರದವರೇ ಒಪ್ಪಿಕೊಂಡು ಪಟ್ಟಿಯನ್ನು ತಿದ್ದಬೇಕಾಯಿತು. ಅಲ್ಲೂ ಮಾತು ತಪ್ಪುತ್ತದೆ ಅನ್ನುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಮೂರು ವರ್ಷ ಆದಾಗ ಮಾತು ತಪ್ಪಿದ್ದು ಎಲ್ಲರಿಗೂ ಗೊತ್ತಾಯಿತಲ್ಲ, ಅದು ಮುಖ್ಯ. ಯಾಕಂದರೆ ಮೊದಲ ದಿನದ ಪಟ್ಟಿ ಎಲ್ಲರ ಕೈಯಲ್ಲಿತ್ತು. ನಮ್ಮ ಆರುನೂರು ಮೀಟರಿಗೆ ಅಂಥ ಪಟ್ಟಿಯೇ ಇರಲಿಲ್ಲ. ಇಲ್ಲದ ಪಟ್ಟಿಯಿಂದ ಯಾರೂ ತಪ್ಪಲಾರರು. 2024ರಲ್ಲಿ ಸಿಯಾಟಲ್‌ನವರು ಮತ್ತೆ ಎಂಟು ವರ್ಷಕ್ಕೆ 155 ಕೋಟಿ ಡಾಲರಿಗೆ ಒಪ್ಪಿದರು.

ನಮ್ಮಲ್ಲಿ ಇರುವ ಸಣ್ಣ ಕಿಟಕಿಗಳನ್ನು ಹುಡುಕಿದೆವು. ಒಂದು, ಬಜೆಟ್ ಪೂರ್ವಭಾವಿ ಸಭೆ. ಚಳಿಗಾಲದಲ್ಲಿ ಕರೆಯುತ್ತಾರೆ, ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಹೋಗುವವರು ಹತ್ತಿಪ್ಪತ್ತು ಜನ. ಇನ್ನೊಂದು, ಮಾಸ್ಟರ್ ಪ್ಲಾನ್. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡು ಪ್ರಕಟವಾದ ಮೇಲೆ ಜನರ ಸಲಹೆ, ಆಕ್ಷೇಪಣೆಗೆ 60 ದಿನ ಕೊಡಬೇಕು. ಮುಂದಿನ ಹತ್ತಿಪ್ಪತ್ತು ವರ್ಷ ಯಾವ ರಸ್ತೆ ಎಷ್ಟು ಅಗಲ, ಎಲ್ಲಿ ಬಸ್ ನಿಲ್ದಾಣ, ಎಲ್ಲಿ ವಾಹನ ನಿಲುಗಡೆ ಅನ್ನುವುದೆಲ್ಲ ಅದರಲ್ಲಿ ಗೆರೆಯಾಗಿ ಕೂರುತ್ತದೆ. ಆ ಎರಡು ತಿಂಗಳು ಕಾಫಿ ಕೊಯ್ಲಿನ ಕಾಲಕ್ಕೆ ಬಂದರೆ ಕೊಡಗಿನಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆದರೂ ನೋಡಲೇಬೇಕು. ಮೈಸೂರು–ಕುಶಾಲನಗರ ನಡುವೆ 92 ಕಿಲೋಮೀಟರಿನ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆ ಆಗಿದೆ, ಅಂದಾಜು 4,130 ಕೋಟಿ ರೂಪಾಯಿ. ಬೆಂಗಳೂರಿನಿಂದ ಕುಶಾಲನಗರಕ್ಕೆ ಐದು ಗಂಟೆಯ ದಾರಿ ಎರಡೂವರೆ ಗಂಟೆ ಆಗುತ್ತದೆ ಅಂತ ಹೇಳಿದ್ದಾರೆ. ಈಗಲೇ ಶನಿವಾರ ಭಾನುವಾರ ನಮ್ಮ ಪಟ್ಟಣಗಳಲ್ಲಿ ಆಂಬುಲೆನ್ಸ್ ಹೋಗಲು ಜಾಗ ಇಲ್ಲ. ಬರುವ ವಾಹನ ಎಲ್ಲಿ ನಿಲ್ಲಬೇಕು, ಬರೆ ಕಡಿದು ಪಾರ್ಕಿಂಗ್ ಮಾಡುತ್ತಾರಾ, ಇದನ್ನು ಈಗ ಕೇಳದಿದ್ದರೆ ಮತ್ತೆ ಯಾವಾಗ?

ಅಜ್ಜನ ಮಳೆ ಪುಸ್ತಕ

ಪ್ರಕರಣದ ತಿರುವು ಬಂದದ್ದು ನಾವು ಎಣಿಸದ ಕಡೆಯಿಂದ. ನಮ್ಮ ಲೇನಿನ ಕೊನೆಯ ಮನೆಯ ಅಜ್ಜ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಅಂಗಳದಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಗಾಜಿನ ಕೊಳವೆಗೆ ಸುರಿದು ನೋಡಿ ಉದ್ದದ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ಬರೆಯುತ್ತಾರೆ. ಇಂಚು, ಸೆಂಟು; ನೂರು ಸೆಂಟಿಗೆ ಒಂದು ಇಂಚು. ಪಕ್ಕದಲ್ಲಿ ಸಣ್ಣ ಟಿಪ್ಪಣಿ: “ಕರೆಂಟು ಇಲ್ಲ”, “ಹೂಮಳೆ ಸಾಕಾಯಿತು”, “ಶಾಲೆಗೆ ರಜೆ”.

2022ರ ಪುಟ ತೆಗೆದಾಗ ಜೂನ್ ಕೊನೆಯ ವಾರದ ಒಂದು ದಿನದ ಮುಂದೆ ಹೀಗೆ ಇತ್ತು: “1 ಇಂಚು 90 ಸೆಂಟು. ಶಾಲೆ ಮುಂದೆ ರಸ್ತೆ ಎದ್ದಿದೆ.” ಎರಡು ಇಂಚೂ ಇಲ್ಲ. ಕೊಡಗಿನಲ್ಲಿ ಅದು ಮಳೆಯೇ ಅಲ್ಲ, ಬಟ್ಟೆ ಒಣಗದ ದಿನ ಅಷ್ಟೇ. ದೊಡ್ಡ ಮಳೆ ಬಂದದ್ದು ಜುಲೈಯಲ್ಲಿ. ಕಚೇರಿಯ ಕಡತದಲ್ಲಿ ಮಾತ್ರ ರಸ್ತೆ ಹಾಳಾದ ಕಾರಣ ಜುಲೈಯ ಅತಿವೃಷ್ಟಿ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. 2021ರ ಗುತ್ತಿಗೆ ಕರಾರಿನಲ್ಲಿ ಕೆಲಸ ಮುಗಿದ ಮೇಲೆ ಎರಡು ವರ್ಷ ದುರಸ್ತಿಯ ಹೊಣೆ ಗುತ್ತಿಗೆದಾರರದ್ದೇ ಅಂತ ಇತ್ತು. ಕಚೇರಿಯಲ್ಲಿ ಡಿಎಲ್‌ಪಿ ಅಂತಾರೆ. ಆ ಹೊಣೆ 2023ರ ಮಾರ್ಚ್ ತನಕ ಇತ್ತು. ಆದರೆ ಮಳೆಹಾನಿ ಅಂತ ಬರೆದ ಕೂಡಲೇ ಅದು ಪ್ರಕೃತಿಯ ತಪ್ಪು ಆಗುತ್ತದೆ, ಗುತ್ತಿಗೆದಾರರ ಹೊಣೆ ಹೋಗುತ್ತದೆ, ಹೊಸ ಹಣ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಮಳೆಹಾನಿ ಅನ್ನುವ ಪದವನ್ನು ಯಾರೂ ಪ್ರಶ್ನಿಸುವುದಿಲ್ಲ. 2018 ಅನುಭವಿಸಿದವರು ಹೇಗೆ ಪ್ರಶ್ನಿಸುವುದು? ಮನೆ ಕಳೆದುಕೊಂಡವರಿಗೆ ಸೇರಬೇಕಾದ ಆ ಪದವನ್ನು ಎರಡು ಇಂಚಿಗೆ ಎದ್ದ ಡಾಂಬರಿಗೆ ಬಳಸಿದ್ದು ನನಗೆ ಬಹಳ ನೋವು ಕೊಟ್ಟಿತು.

ಅಜ್ಜನ ಪುಟದ ಜೆರಾಕ್ಸ್ ಇಟ್ಟು ಬರೆದೆವು. 2021ರ ಹಣ ವಾಪಸ್ ಬರಲಿಲ್ಲ. ಬಿಲ್ಲು ಆಗಿತ್ತು, ಠೇವಣಿ ಬಿಟ್ಟುಕೊಟ್ಟಾಗಿತ್ತು. ಅಲ್ಲಿ ನಾವು ಸೋತೆವು. ಆದರೆ 2022ರ ನವೆಂಬರಿನ ಕೆಲಸದ ಹೊಣೆಯ ಅವಧಿ ಆಗಷ್ಟೇ ಶುರುವಾಗಿತ್ತು. ಈ ಸಲ ಕಾಯಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಅಂಥ ವರ್ಷದಲ್ಲೂ ಜುಲೈ ಮೊದಲ ಮಳೆಗೆ ಶಾಲೆ ಮುಂದೆ ಅಂಚು ಬಿಟ್ಟಿತು, ನೀರು ನಿಂತಿತು. ಅದೇ ದಿನ ಫೋಟೋ, ಅಜ್ಜನ ಅಳತೆ, ಕರಾರಿನ ಪುಟದ ಪ್ರತಿ, ಮೂರನ್ನೂ ಸೇರಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಪ್ರತಿ ಹದಿನೈದು ದಿನಕ್ಕೊಮ್ಮೆ ಪುನಃ ಕಳಿಸಿದೆವು. ಬರಗಾಲದ ವರ್ಷ ಮಳೆಹಾನಿ ಅಂತ ಬರೆಯಲು ಯಾರಿಗೂ ಕೈ ಬರಲಿಲ್ಲ. ಡಿಸೆಂಬರಿನಲ್ಲಿ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಹಳೆಯ ಡಾಂಬರು ಕೆರೆದು ತೆಗೆದು, ಶಾಲೆಯ ಮುಂದೆ ಎಂಬತ್ತು ಮೀಟರ್ ಹೊಸದಾಗಿ ಹಾಕಿಕೊಟ್ಟರು. ಮೇಸ್ತ್ರಿ ಅಣ್ಣ ಟ್ಯೂಬ್ ಲೆವೆಲ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅರ್ಧ ಮೆಟ್ಟಿಲು ಹೊರಗೆ ಬಂತು.

ಐದು ವರ್ಷದ ಪಟ್ಟಿ

2024ರ ಜನವರಿಯ ಬಜೆಟ್ ಪೂರ್ವಭಾವಿ ಸಭೆಗೆ ನಾವು ಒಂಬತ್ತು ಜನ ಹೋದೆವು. ಒಂದೇ ಹಾಳೆ. ಅದರಲ್ಲಿ ಡಾಂಬರು ಕೊನೆಯಲ್ಲಿ ಇತ್ತು. ಮೊದಲ ವರ್ಷ ಮೇಲಿನ ಅರ್ಧಕ್ಕೆ ಚರಂಡಿ. ಎರಡನೆಯ ವರ್ಷ ತೋಡಿನ ಮೋರಿ, ಅಂದರೆ ರಸ್ತೆಯ ಕೆಳಗೆ ನೀರು ಹಾಯುವ ದಾರಿ, ದೊಡ್ಡದು ಮಾಡುವುದು, ಇರುವ ಪೈಪು ಸಾಲುವುದಿಲ್ಲ. ಮೂರನೆಯ ವರ್ಷ ತಡೆಗೋಡೆಗೆ ನೀರು ಬಸಿಯುವ ತೂತುಗಳನ್ನು ಬಿಡಿಸುವುದು, ಹಳೆಯದು ಮಣ್ಣು ತುಂಬಿ ಮುಚ್ಚಿದೆ. ನಾಲ್ಕನೆಯ ವರ್ಷ ಕುಡಿಯುವ ನೀರಿನ ಪೈಪು ಬದಲಿಸುವುದಿದ್ದರೆ ಬದಲಿಸಿಬಿಡುವುದು. ಐದನೆಯ ವರ್ಷ ಡಾಂಬರು ಮತ್ತು ಶಾಲೆ ಬದಿಗೆ ನಡೆಯುವ ದಾರಿ. ಅಲ್ಲಿಯ ತನಕ ಗುಂಡಿ ಮಾತ್ರ ಮುಚ್ಚಿ, ಹೊಸ ಡಾಂಬರು ನಮಗೆ ಬೇಡ ಅಂತ ಬರೆದು ಸಹಿ ಹಾಕಿದ್ದೆವು. ಡಾಂಬರು ಬೇಡ ಅಂತ ಬರೆದ ಮನವಿಯನ್ನು ಮೊದಲ ಸಲ ನೋಡುತ್ತಿದ್ದೇನೆ ಅಂತ ಅಲ್ಲಿದ್ದ ಹಿರಿಯ ಅಧಿಕಾರಿ ಹೇಳಿದರು.

ಚರಂಡಿಗೆ ಟೆಂಡರ್ ಬೇಗ ಆಯ್ತು, ಮನೆಯವರ ಒಪ್ಪಿಗೆ ಕೈಯಲ್ಲಿ ಇದ್ದದ್ದರಿಂದ. ಫೆಬ್ರವರಿಯಲ್ಲಿ ಕೆಲಸ ಶುರು. ಮೋರಿಯನ್ನೂ ಜೊತೆಗೇ ತೆಗೆದುಕೊಳ್ಳುತ್ತೇವೆ ಅಂದಿದ್ದರು, ಅಷ್ಟರಲ್ಲಿ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು, ಕಾರ್ಯಾದೇಶ ಆಗದ ಕೆಲಸಗಳೆಲ್ಲ ನಿಂತವು. 2024ರ ಜುಲೈಯಲ್ಲಿ ಮಳೆ ಚೆನ್ನಾಗಿಯೇ ಹಿಡಿಯಿತು. ಮೇಲಿನ ಅರ್ಧದಲ್ಲಿ ನೀರು ಚರಂಡಿಯಲ್ಲೇ ಹೋಯಿತು, ಯಾರ ಅಂಗಳಕ್ಕೂ ನುಗ್ಗಲಿಲ್ಲ. ಕೆಳಗೆ ಮೋರಿಯ ಹತ್ತಿರ ಮೊದಲಿಗಿಂತ ಜಾಸ್ತಿ ನಿಂತಿತು, ಯಾಕಂದರೆ ಮೇಲಿನ ನೀರು ಈಗ ಬೇಗ ಬಂದು ಸೇರುತ್ತದೆ. ಕೆಳಗಿನ ಎರಡು ಮನೆಯವರು ನಮ್ಮ ಮೇಲೆ ಸಿಟ್ಟಾದರು. ಅವರ ಸಿಟ್ಟು ನ್ಯಾಯವೇ. ನೀರಿನ ಕೆಲಸ ಕೆಳಗಿನಿಂದ ಶುರುವಾಗಿ ಮೇಲಕ್ಕೆ ಬರಬೇಕಿತ್ತು, ಮೋರಿ ಮೊದಲು, ಚರಂಡಿ ಆಮೇಲೆ. ನಮ್ಮ ಪಟ್ಟಿಯ ಕ್ರಮದಲ್ಲೇ ತಪ್ಪಿತ್ತು. ಆ ತಪ್ಪನ್ನು ಪುಸ್ತಕದಲ್ಲಿ ಬರೆದಿದ್ದೇವೆ, ಬೇರೆ ವಾರ್ಡಿನವರು ಕೇಳಲು ಬಂದಾಗ ಮೊದಲು ಅದನ್ನೇ ತೋರಿಸುತ್ತೇವೆ.

ಐದು ವರ್ಷದ ಪಟ್ಟಿಗೆ ಸಭೆಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. “ಪರಿಶೀಲಿಸಲಾಗುವುದು” ಅಂತ ನಡಾವಳಿಯಲ್ಲಿ ಇದೆ. ಇಂಜಿನಿಯರಿಗೆ ವರ್ಗ ಆಯ್ತು. ಹೋಗುವಾಗ ಅವರು ನಮ್ಮ ಹಾಳೆಯ ಒಂದು ಪ್ರತಿಯನ್ನು ಕಡತದ ಮೇಲ್ಪುಟಕ್ಕೆ ಪಿನ್ ಮಾಡಿ ಹೋದರು, ಹೊಸಬರು ಮೊದಲು ಅದನ್ನೇ ನೋಡಲಿ ಅಂತ. ಇದನ್ನು ಅವರು ಮಾಡಲೇಬೇಕು ಅಂತ ಏನೂ ಇರಲಿಲ್ಲ.

ಅಜ್ಜನಿಗೆ ಈಗ ಬಗ್ಗಿ ಕೊಳವೆ ನೋಡಲು ಆಗುವುದಿಲ್ಲ. ಕಳೆದ ಕಕ್ಕಡದಿಂದ, ಅಂದರೆ ಆಟಿ ತಿಂಗಳಿಂದ, ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಗೆ ಹೋಗುವ ಮೊದಲು ಬಂದು ಅಳೆದು ಹೇಳುತ್ತಾಳೆ, ಅಜ್ಜ ಬರೆಯುತ್ತಾರೆ. ಮೋರಿಯ ಅಂದಾಜು ಪಟ್ಟಿಗೆ ನಾವು ಹಾಕಿದ ಅರ್ಜಿಗೆ ಉತ್ತರ ಬರಲು ಇನ್ನು ಹನ್ನೆರಡು ದಿನ ಇದೆ.